ಒಂದು ಘಾಟಿ ಇಳಿದು ಇನ್ನೊಂದು ಘಾಟಿ ಹತ್ತಿದ ವಾರಾಂತ್ಯ

ಶಿವಮೊಗ್ಗದಲ್ಲಿ ಯಾರಾದರೂ "ಸಮುದ್ರ ನೋಡ್ಕೊಂಡು ಬರೋಣ್ವಾ" ಅಂದರೆ ಮುಂದಿನ ಪ್ರಶ್ನೆ ಒಂದೇ: ಯಾವ ಘಾಟಿ? ಆಗುಂಬೆ ಇಳಿದರೆ ಉಡುಪಿ. ಬಾಳೆಬರೆ ಇಳಿದರೆ ಕುಂದಾಪುರ. ನಾಗೋಡಿ ಇಳಿದರೆ ಕೊಲ್ಲೂರು. ಜೋಗದ ಮೇಲೆ ಹೋಗಿ ಗೇರುಸೊಪ್ಪ ಇಳಿದರೆ ಹೊನ್ನಾವರ. ಸಿರ್ಸಿ ಮುಟ್ಟಿ ದೇವಿಮನೆ ಇಳಿದರೆ ಕುಮಟಾ. ಬೀಚು, ರೂಮು, ಊಟ ಎಲ್ಲ ಆಮೇಲಿನ ಮಾತು.

ನಾವು ಗೆಳೆಯರು ತಯಾರಿ ಇಲ್ಲದೆ ಕರಾವಳಿಗೆ ಹೋಗಿ ಬರೋದು ಇದೇ ಲೆಕ್ಕದಲ್ಲಿ. ಹೊರಡುವ ಮುಂಚೆ ಗಟ್ಟಿ ಮಾಡಿಕೊಳ್ಳೋದು ಎರಡೇ ವಿಷಯ. ಯಾವ ಘಾಟಿ ಇಳಿಯೋದು, ಯಾವುದನ್ನು ಹತ್ತೋದು. ಇಳಿದ ದಾರಿಯಲ್ಲಿ ವಾಪಸ್ ಹತ್ತಬಾರದು. ಭಾನುವಾರ ಕತ್ತಲಾಗುವ ಮುಂಚೆ ಮೇಲೆ ಬಂದಿರಬೇಕು. ಇಷ್ಟು ಇಟ್ಟುಕೊಂಡರೆ ಮಿಕ್ಕಿದ್ದನ್ನು ದಾರಿಗೆ ಬಿಡಬಹುದು. ಎರಡು ಘಾಟಿಗಳ ಬುಡವನ್ನು ಜೋಡಿಸೋಕೆ ಹೆದ್ದಾರಿ 66 ಇದ್ದೇ ಇದೆ. ನಮ್ಮ ಹಿರಿಯರು ಇನ್ನೂ ಅದನ್ನು ಹದಿನೇಳು ಅಂತಲೇ ಕರೆಯುತ್ತಾರೆ. ತಲಪಾಡಿಯಿಂದ ಕಾರವಾರದ ಮಾಜಾಳಿವರೆಗೆ ನಮ್ಮ ರಾಜ್ಯದ ಇಡೀ ಕರಾವಳಿ ಆ ಒಂದೇ ರಸ್ತೆಗೆ ಪೋಣಿಸಿಕೊಂಡಿದೆ.

ಈಗ ಹೇಳೋದು ಏಪ್ರಿಲ್ ತಿಂಗಳ ಎರಡನೇ ಶನಿವಾರದ ಕತೆ. ಕಾರಿನಲ್ಲಿ ನಾಲ್ಕು ಜನ. ಒಬ್ಬ ಬ್ಯಾಂಕಿನವನು, ಕಾರು ಅವನದೇ. ಎರಡನೇ ಶನಿವಾರ ಆದ್ದರಿಂದ ಅವನಿಗೆ ರಜೆ. ಇನ್ನೊಬ್ಬರು ಮೇಷ್ಟ್ರು, ಪ್ರೈಮರಿ ಶಾಲೆ, ಬೇಸಿಗೆ ರಜೆ ಆಗಷ್ಟೇ ಶುರುವಾಗಿತ್ತು. ಅಪ್ಪಟ ಸಸ್ಯಾಹಾರಿ, ಆದರೆ ಮೀನು ತಿನ್ನುವವರ ಜೊತೆ ತಿರುಗೋಕೆ ತಕರಾರಿಲ್ಲ. ಮೂರನೆಯವನು ಕುಂದಾಪುರ ಕಡೆಯವನು. ನಾಲ್ಕನೆಯವನು ನಾನು.

ಶುಕ್ರವಾರ ಮಧ್ಯಾಹ್ನ ಕುಂದಾಪುರದವನಿಗೆ ಊರಿಂದ ಫೋನ್ ಬಂತು. ಪಕ್ಕದ ಮನೆಯವರ ಹರಕೆ ಆಟ ಇವತ್ತು ರಾತ್ರಿ, ಗದ್ದೆಯಲ್ಲಿ, ಬರೋದಾದರೆ ಬಾ ಅಂತ. ಆ ಕಡೆ ಆಟ ಅಂದರೆ ಯಕ್ಷಗಾನ. ಅವನು ಅದನ್ನು ನಮಗೆ ದಾಟಿಸಿದ. ಐದು ನಿಮಿಷದಲ್ಲಿ ಬಾಳೆಬರೆ ಇಳಿಯೋದು ಅಂತ ಆಯಿತು. ಹತ್ತೋದು ಯಾವುದು ಅಂತ ಇನ್ನು ಐದು ನಿಮಿಷ ಚರ್ಚೆ. ದೇವಿಮನೆ ಬೇಡ, ಅಲ್ಲಿ ರಸ್ತೆ ಅಗಲ ಮಾಡುವ ಕೆಲಸಕ್ಕೆ ಆಗಾಗ ವಾಹನ ತಡೆಯುತ್ತಾರೆ, ಗೇರುಸೊಪ್ಪವೇ ಸೈ ಅಂದರು ಮೇಷ್ಟ್ರು. ಸಂಜೆ ಆರಕ್ಕೆ ಹೊರಟೆವು. ಲಗೇಜು ಅಂದರೆ ಎರಡು ಜೊತೆ ಬಟ್ಟೆ, ಲುಂಗಿ, ಟವೆಲ್ಲು, ಬೆಡ್‌ಶೀಟು, ಒದ್ದೆ ಬಟ್ಟೆ ತುಂಬೋಕೆ ದಪ್ಪ ಪ್ಲಾಸ್ಟಿಕ್ ಕವರು, ಒಂದು ಟಾರ್ಚು. ಕಾರು ಸ್ಟಾರ್ಟ್ ಮಾಡುವ ಮುಂಚೆ ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯಾ ಅಂತ ನೋಡಿಕೊಂಡೆವು. ಕರಾವಳಿ ಹೆದ್ದಾರಿಯಲ್ಲಿ ಬೈಂದೂರಿನ ಶಿರೂರು, ಕುಮಟಾದ ಹೊಳೆಗದ್ದೆ ಅಂತ ಟೋಲುಗಳಿವೆ.

ತೀರ್ಥಹಳ್ಳಿವರೆಗೆ ತುಂಗೆಯ ಜೊತೆಗೇ ದಾರಿ. ಗಾಜನೂರು, ಸಕ್ರೆಬೈಲು, ಮಂಡಗದ್ದೆ. ಕತ್ತಲಲ್ಲಿ ಹೊಳೆ ಕಾಣಲಿಲ್ಲ, ತಂಪು ಮಾತ್ರ ಗೊತ್ತಾಗುತ್ತಿತ್ತು. ತೀರ್ಥಹಳ್ಳಿಯಲ್ಲಿ ಹೊಟ್ಟೆಗೆ ಸ್ವಲ್ಪ ಹಾಕಿಕೊಂಡು ಯಡೂರು, ಮಾಸ್ತಿಕಟ್ಟೆ ದಾಟಿದರೆ ಹುಲಿಕಲ್. ಮೇಲಿನವರಿಗೆ ಅದು ಹುಲಿಕಲ್ ಘಾಟಿ, ಕೆಳಗಿನವರಿಗೆ ಬಾಳೆಬರೆ. ಘಾಟಿಯಲ್ಲಿ ಚಂಡಿಕಾಂಬೆಯ ಗುಡಿ ಇದೆ. ಲಾರಿಯವರು ಅಲ್ಲಿ ಕೈಮುಗಿದೇ ಮುಂದೆ ಹೋಗೋದು. ನಾವೂ ನಿಲ್ಲಿಸಿದೆವು. ಬ್ರೇಕಿಗೂ ಒಂದು ವಿಶ್ರಾಂತಿ ಸಿಗುತ್ತೆ.

ರಾತ್ರಿ ಘಾಟಿ ಇಳಿಯೋದನ್ನು ಬ್ಯಾಂಕಿನವನಿಂದ ಕಲಿಯಬೇಕು. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯುತ್ತಾನೆ. ಎರಡನೇ ಗೇರು ಬಿಡೋದೇ ಇಲ್ಲ. ಬ್ರೇಕು ಬರೀ ತಿರುವಿಗೆ. ಎದುರಿಂದ ಹತ್ತುವ ಗಾಡಿ ಕಂಡರೆ ತಾನೇ ಬದಿಗೆ ನಿಲ್ಲುತ್ತಾನೆ, ಯಾಕಂದರೆ ಹತ್ತುವವರು ನಿಂತರೆ ಮತ್ತೆ ಎತ್ತೋದು ಕಷ್ಟ. ಇನ್ನೊಂದು ವಿಷಯ ಘಟ್ಟದ ಮೇಲಿನವರಿಗೆ ಮೊದಲ ಸಲ ಗಾಬರಿ ಮಾಡುತ್ತೆ. ಹೊಸಂಗಡಿ ಹತ್ತಿರ ಬರುತ್ತಿದ್ದಂತೆ ಎದುರಿನ ಗಾಜು ಇದ್ದಕ್ಕಿದ್ದಂತೆ ಬೆಳ್ಳಗಾಗಿಬಿಡುತ್ತೆ. ಎಸಿ ಜೋರು ಮಾಡಿದರೆ ಇನ್ನೂ ಜಾಸ್ತಿಯಾಗುತ್ತೆ. ಕಾರಣ, ಮಂಜು ಕೂತಿರೋದು ಗಾಜಿನ ಹೊರಗೆ. ಕೆಳಗಿನ ಗಾಳಿಯಲ್ಲಿ ತೇವ ಜಾಸ್ತಿ, ಗಾಜು ಎಸಿಯಿಂದ ತಣ್ಣಗಾಗಿರುತ್ತೆ, ಅದಕ್ಕೇ ಹನಿ ಕಟ್ಟೋದು. ಎಸಿ ಆರಿಸಿ, ವೈಪರ್ ಹಾಕಿ, ಕಿಟಕಿ ಇಳಿಸಿದರೆ ಆಯಿತು. ಕಿಟಕಿ ಇಳಿಸಿದ ಕೂಡಲೇ ಘಟ್ಟದ ಕೆಳಗಿನ ಸೆಕೆ ಒಳಗೆ ಬಂದು ಕೂತಿತು.

ಹೊಸಂಗಡಿಯಲ್ಲಿ ವಾರಾಹಿಯ ಭೂಗರ್ಭ ವಿದ್ಯುದಾಗಾರ ಇದೆ. ಅಲ್ಲಿ ಕೆಲಸ ಮುಗಿಸಿದ ನೀರು ಕುಂದಾಪುರದ ಕಡೆಗೇ ಹರಿಯುತ್ತೆ. ನಾವೂ ಅದರ ಹಿಂದೆಯೇ ಸಿದ್ದಾಪುರದ ಮೇಲೆ ಹೋಗಿ, ರಾತ್ರಿ ಹತ್ತೂವರೆಗೆ ಹೆಮ್ಮಾಡಿ ಹತ್ತಿರದ ಗೆಳೆಯನ ಮನೆ ತಲುಪಿದೆವು. ದೂರದಿಂದಲೇ ಚಂಡೆ ಕೇಳುತ್ತಿತ್ತು.

ಆ ಕಡೆ ದೀಪಾವಳಿ ಆದ ಮೇಲೆ ಮೇಳಗಳು ತಿರುಗಾಟ ಶುರು ಮಾಡಿದರೆ ಮೇ ತಿಂಗಳವರೆಗೆ ರಾತ್ರಿ ಎಲ್ಲಾದರೊಂದು ಕಡೆ ಆಟ ಇದ್ದೇ ಇರುತ್ತೆ. ಹರಕೆ ಹೊತ್ತವರು ಮೇಳವನ್ನು ಕರೆಸಿ ಆಡಿಸುತ್ತಾರೆ. ಮಂದಾರ್ತಿಯಂಥ ಮೇಳದ ಆಟ ಬೇಕಾದರೆ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಬೇಕು. ಟಿಕೆಟ್ಟು ಇಲ್ಲ. ಯಾರು ಬೇಕಾದರೂ ಬಂದು ಕೂರಬಹುದು, ಊಟಕ್ಕೂ ಕರೆಯುತ್ತಾರೆ. "ಹ್ವಾಯ್, ಬನ್ನಿ ಮಾರಾಯ್ರೆ, ಊಟ ಮಾಡ್ಕಂಡೇ ಕೂಕಣಿ" ಅಂತ ಪರಿಚಯವೇ ಇಲ್ಲದ ಹಿರಿಯರೊಬ್ಬರು ಮೇಷ್ಟ್ರ ಕೈಹಿಡಿದು ಎಳೆದುಕೊಂಡು ಹೋದರು. ತೀರ್ಥಹಳ್ಳಿಯಲ್ಲಿ ತಿಂದಾಗಿದೆ ಅಂದರೆ ಯಾರು ಕೇಳುತ್ತಾರೆ?

ಪ್ರಸಂಗ ಚಂದ್ರಹಾಸ. ನನಗೆ ರಂಗಸ್ಥಳಕ್ಕಿಂತ ಚೌಕಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗ, ಇಷ್ಟ. ಗೆಳೆಯ ಕೇಳಿ ಒಳಗೆ ಬಿಡಿಸಿದ. ಮೂಲೆಯಲ್ಲಿ ಗಣಪತಿಯ ಮುಂದೆ ದೀಪ. ಎರಡೂ ಬದಿಗೆ ಸಾಲಾಗಿ ವೇಷದ ಪೆಟ್ಟಿಗೆಗಳು. ಒಂದೊಂದು ಪೆಟ್ಟಿಗೆಗೆ ಒರಗಿಸಿದ ಅಂಗೈಯಗಲದ ಕನ್ನಡಿ. ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಕಲಾವಿದರು ತಮ್ಮ ಮುಖಕ್ಕೆ ತಾವೇ ಬಣ್ಣ ಹಚ್ಚುತ್ತಿದ್ದರು. ಒಬ್ಬರು ಮುಂಡಾಸು ಕಟ್ಟಿಕೊಳ್ಳುತ್ತಿದ್ದರು. ದಾರದ ಒಂದು ತುದಿ ಹಲ್ಲಿನಲ್ಲಿ. ಎಡಗೈಯಲ್ಲಿ ಸುತ್ತಿದ ಬಟ್ಟೆಯನ್ನು ಒತ್ತಿ ಹಿಡಿದು, ಬಲಗೈಯಲ್ಲಿ ಜರಿಯ ಪಟ್ಟಿಯನ್ನು ಒಂದರ ಪಕ್ಕ ಒಂದು ಎಳೆದು ಕೂರಿಸುತ್ತಿದ್ದರು. ನಡುನಡುವೆ ಕಣ್ಣು ಮೇಲೆತ್ತದೆ ಹೊರಗಿನ ಭಾಗವತಿಕೆಗೆ ಕಿವಿ ಕೊಡುತ್ತಿದ್ದರು. ಯಾವ ಪದ್ಯ ನಡೆಯುತ್ತಿದೆ, ತಮ್ಮ ಪ್ರವೇಶಕ್ಕೆ ಇನ್ನೆಷ್ಟು ಹೊತ್ತು ಅಂತ ಅವರಿಗೆ ಅದರಲ್ಲೇ ಗೊತ್ತು. ಕಟ್ಟಿ ಮುಗಿಸಿ, ಕುತ್ತಿಗೆ ಎರಡು ಸಲ ಅಲುಗಾಡಿಸಿ ನೋಡಿ, ಎದ್ದು ಹೋದರು. ಅರ್ಧ ನಿಮಿಷಕ್ಕೆ ಆಚೆಯಿಂದ ಚಂಡೆ ಏರಿತು.

ಈಗ ಹೆಚ್ಚಿನ ಕಡೆ ಕಾಲಮಿತಿ ಆಟ. ಇದೂ ಅಷ್ಟೇ, ಮಧ್ಯರಾತ್ರಿ ದಾಟಿದ ಮೇಲೆ ಮುಗಿಯಿತು. ಬೆಳಗಿನವರೆಗೂ ಇದ್ದಿದ್ದರೆ ಚೆನ್ನಾಗಿತ್ತು ಅಂತ ಮೇಷ್ಟ್ರು ಗೊಣಗಿದರು, ಆದರೆ ಜಗಲಿಯಲ್ಲಿ ಬೆಡ್‌ಶೀಟ್ ಹಾಸಿದ್ದೇ ತಡ, ಮೊದಲು ಗೊರಕೆ ಹೊಡೆದವರೂ ಅವರೇ.

ಬೆಳಗ್ಗೆ ಆರಕ್ಕೆ ಗೆಳೆಯ ಎಬ್ಬಿಸಿದ. ಗಂಗೊಳ್ಳಿ ಬಂದರಿಗೆ ಹೋಗೋದಾದರೆ ಈಗಲೇ ಅಂದ. ಗಂಗೊಳ್ಳಿ ಕುಂದಾಪುರಕ್ಕೆ ಎದುರಿಗೇ ಕಾಣುತ್ತೆ, ನಡುವೆ ಅಳಿವೆ. ರಸ್ತೆಯಲ್ಲಿ ಮಾತ್ರ ದೊಡ್ಡ ಸುತ್ತು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಕೂಡಿ ಪಂಚಗಂಗಾವಳಿ ಆಗಿ ಸಮುದ್ರ ಸೇರೋದು ಇಲ್ಲೇ. ನಿನ್ನೆ ರಾತ್ರಿ ಘಾಟಿಯಿಂದ ಇಳಿದು ಬಂದ ವಾರಾಹಿಯ ನೀರೂ ಈ ಐದರಲ್ಲಿ ಒಂದು ಅಂತ ಮೇಷ್ಟ್ರು ಲೆಕ್ಕ ತೆಗೆದರು.

ಬಂದರಿನಲ್ಲಿ ಹರಾಜು ಬುಟ್ಟಿ ಲೆಕ್ಕದಲ್ಲಿ. ಕೂಗುವವನ ಮಾತು ನಮಗೆ ಅರ್ಥ ಆಗೋಕೂ ಮುಂಚೆ ಬುಟ್ಟಿ ಕೈ ಬದಲಾಗಿರುತ್ತೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಏಪ್ರಿಲ್ ಅಂದರೆ ಸೀಸನ್ನಿನ ಬಾಲ. ಮೀನು ಕಮ್ಮಿ, ರೇಟು ಜಾಸ್ತಿ. ನಮಗೆ ಬೇಕಿದ್ದದ್ದು ಒಂದಿಷ್ಟು ಬಂಗುಡೆ. ಅದಕ್ಕೆ ಹರಾಜಿಗೆ ನಿಲ್ಲಬೇಕಾಗಿಲ್ಲ, ಪಕ್ಕದಲ್ಲೇ ಮೀನು ಮಾರುವ ಹೆಂಗಸರು ಕೂತಿರುತ್ತಾರೆ. ಗೆಳೆಯ ಕಿವಿರು ಎತ್ತಿ ನೋಡಿದ, ಕೆಂಪಗಿತ್ತು. ಹೊಟ್ಟೆ ಒತ್ತಿದ, ಗುಳಿ ಬೀಳಲಿಲ್ಲ. ಕಣ್ಣು ಉಬ್ಬಿ ಹೊಳೆಯುತ್ತಿತ್ತು. "ಎಂತ ನೋಡ್ತ್ರಿ, ನಿನ್ನೆದಲ್ಲ" ಅಂತ ಆಕೆ ಬೈದೇ ಕೊಟ್ಟರು. ಮನೆಗೆ ತಂದರೆ ಅವನ ಅಮ್ಮ ನೀರುದೋಸೆಗೆ ಅಕ್ಕಿ ರುಬ್ಬಿಟ್ಟಿದ್ದರು. ಬಂಗುಡೆ ಗಸಿ, ನೀರುದೋಸೆ. ಮೇಷ್ಟ್ರಿಗೆ ಬೆಲ್ಲ ಕಾಯಿ.

ಹತ್ತು ಗಂಟೆಗೆ ಹೆದ್ದಾರಿಗೆ ಬಂದೆವು. ಇಲ್ಲೊಂದು ವಿಷಯ ಹೇಳಲೇಬೇಕು. ಕರಾವಳಿಯಲ್ಲಿ ಕಾರು ಓಡಿಸೋದಾದರೆ ದಕ್ಷಿಣದಿಂದ ಉತ್ತರಕ್ಕೆ ಹೋಗಿ. ನಮ್ಮಲ್ಲಿ ಎಡಬದಿ ಸಂಚಾರ. ಉತ್ತರಕ್ಕೆ ಮುಖ ಮಾಡಿದರೆ ಸಮುದ್ರ ನಿಮ್ಮ ಎಡಕ್ಕೆ, ನೀವಿರುವ ಪಥವೂ ಸಮುದ್ರದ ಕಡೆಯದು. ಬೇಕೆಂದ ಕಡೆ ಎಡಕ್ಕೆ ತೆಗೆದು ನಿಲ್ಲಿಸಿದರೆ ಆಯಿತು. ಕಾರವಾರದಿಂದ ಮಂಗಳೂರಿಗೆ ಬರುವವರು ನಡುವಿನ ಡಿವೈಡರ್ ಆಚೆಯಿಂದ, ಎದುರಿನ ಲಾರಿಗಳ ಸಂದಿಯಲ್ಲಿ ಸಮುದ್ರ ನೋಡಬೇಕು. ನಿಲ್ಲಿಸಬೇಕಾದರೆ ಯು-ಟರ್ನ್ ಹುಡುಕಬೇಕು. ಹಾಗಾಗಿ ನಾವು ಯಾವತ್ತೂ ದಕ್ಷಿಣದ ಘಾಟಿ ಇಳಿದು ಉತ್ತರದ ಘಾಟಿ ಹತ್ತೋದು. ಎಡಕಿಟಕಿ ಸೀಟಿಗೆ ಜಗಳ ಆಗುತ್ತೆ, ಅದನ್ನು ಮಧ್ಯಾಹ್ನದ ಬಿಸಿಲು ತೀರ್ಮಾನ ಮಾಡುತ್ತೆ. ಪಡುವಣ ಬಿಸಿಲು ಬೀಳೋದು ಅದೇ ಕಿಟಕಿಗೆ.

ತ್ರಾಸಿ ದಾಟಿದರೆ ಮರವಂತೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಫೋಟೋದಲ್ಲಿ ಎಲ್ಲರೂ ನೋಡಿರುತ್ತೀರಿ. ನನಗೆ ಪ್ರತಿ ಸಲ ವಿಚಿತ್ರ ಅನ್ನಿಸೋದು ಹೊಳೆಯ ನಡವಳಿಕೆ. ಕೊಲ್ಲೂರಿನ ಕಾಡಿನಿಂದ ಅಷ್ಟು ದೂರ ಬಂದು, ಕಡಲಿಗೆ ಒಂದು ಕಲ್ಲೆಸೆತ ಬಾಕಿ ಇರುವಾಗ ಸೇರೋದಿಲ್ಲ. ದಕ್ಷಿಣಕ್ಕೆ ತಿರುಗಿ, ದಂಡೆಗೆ ಸಮನಾಗಿ ಹರಿದು, ಗಂಗೊಳ್ಳಿಗೆ ಹೋಗಿ ಸೇರುತ್ತೆ. ಬೆಳಗ್ಗೆ ನಾವು ಬಂದರಿನಲ್ಲಿ ನೋಡಿದ್ದು ಇದೇ ನೀರನ್ನು. ಕಡಲಿನ ಬದಿಗೆ ಕೊರೆತ ತಡೆಯೋಕೆ ಬಂಡೆ ಹಾಕಿದ್ದಾರೆ. ಆ ಬಂಡೆಗಳ ಮೇಲೆ ಸೆಲ್ಫಿಗೆ ಹತ್ತುವವರನ್ನು ನೋಡಿದರೆ ಮೈ ಜುಮ್ಮೆನ್ನುತ್ತೆ. ಪಾಚಿ ಕಟ್ಟಿದ ಕಲ್ಲು, ಕೆಳಗೆ ತಿರುಗುವ ನೀರು. ನಾವು ವರಾಹ ದೇವಸ್ಥಾನದ ಹತ್ತಿರ ಕಾರು ನಿಲ್ಲಿಸಿ, ಎಳನೀರು ಕುಡಿದು, ನೀರಿಗೆ ಇಳಿಯದೆ ಹೊರಟೆವು.

ಬೈಂದೂರಿನ ಒತ್ತಿನೆಣೆಯ ಮೇಲಿಂದ ಸೋಮೇಶ್ವರದ ದಂಡೆಯನ್ನೂ ಹೊಳೆ ಕಡಲು ಸೇರುವ ಜಾಗವನ್ನೂ ನೋಡಿದೆವು. ಹತ್ತು ನಿಮಿಷದ ಜಾಗ, ನೆರಳಿಲ್ಲ. ಭಟ್ಕಳದಲ್ಲಿ ಊಟ. ಅಲ್ಲಿಯ ನವಾಯತ ಮುಸ್ಲಿಮರ ಬಿರಿಯಾನಿಯಲ್ಲಿ ಮಸಾಲೆಗಿಂತ ಈರುಳ್ಳಿಯ ಕೆಲಸ ಜಾಸ್ತಿ. ಶಾವಿಗೆಯಲ್ಲಿ ಮಾಡುವ ಬಿರಿಯಾನಿಯೂ ಇದೆ, ಆದರೆ ಹೋದ ತಕ್ಷಣ ಸಿಕ್ಕೀತು ಅಂತಿಲ್ಲ, ನಮಗೂ ಸಿಗಲಿಲ್ಲ. ಮುರುಡೇಶ್ವರಕ್ಕೆ ಈ ಸಲ ಹೋಗಲಿಲ್ಲ. 123 ಅಡಿಯ ಶಿವ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗಿದ್ದಾನೆ. 20 ಅಂತಸ್ತಿನ ಗೋಪುರಕ್ಕೆ ಲಿಫ್ಟಿನಲ್ಲಿ ಹತ್ತಿದರೆ ಮೇಲಿಂದ ನೋಟ ನಿಜಕ್ಕೂ ಚೆನ್ನ. ಆದರೆ ಎರಡನೇ ಶನಿವಾರ, ಬೇಸಿಗೆ ರಜೆ ಎರಡೂ ಸೇರಿದ ದಿನ ಆ ಲಿಫ್ಟಿನ ಸಾಲಿನಲ್ಲಿ ನಿಲ್ಲೋಕೆ ನಮ್ಮಲ್ಲಿ ಯಾರಿಗೂ ತಾಳ್ಮೆ ಇರಲಿಲ್ಲ.

ಈಜಿದ್ದು ಕಾಸರಕೋಡಿನಲ್ಲಿ. ಹೊನ್ನಾವರದ ಶರಾವತಿ ಸೇತುವೆಗೆ ಸ್ವಲ್ಪ ಮುಂಚೆ ಎಡಕ್ಕೆ ಸಿಗುವ ಇಕೋ ಬೀಚ್. 2020ರಲ್ಲಿ ಪಡುಬಿದ್ರಿಯ ಜೊತೆ ಇದಕ್ಕೂ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ, ಸಿಕ್ಕಿತು. ಕಾಸು ಕೊಟ್ಟು ಒಳಗೆ ಹೋಗಬೇಕಾ ಅಂತ ಮೂಗು ಮುರಿಯುವವರಿದ್ದಾರೆ. ಕೊಡಬೇಕು ಅನ್ನೋದು ನನ್ನ ಮಾತು. ಈಜುವ ಜಾಗಕ್ಕೆ ಗುರುತು ಹಾಕಿರುತ್ತಾರೆ, ಲೈಫ್‌ಗಾರ್ಡ್ ಇರುತ್ತಾರೆ, ಸ್ನಾನಕ್ಕೆ ಸಿಹಿನೀರು, ಬಟ್ಟೆ ಬದಲಿಸೋಕೆ ಕೋಣೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಆ ಸುದ್ದಿ ಓದಿದ ಮೇಲೆ ಮೇಷ್ಟ್ರು ಗುರುತು ಇಲ್ಲದ ಕಡೆ ಯಾರನ್ನೂ ಮೊಣಕಾಲಿಗಿಂತ ಆಳಕ್ಕೆ ಬಿಡುವುದಿಲ್ಲ.

ಘಟ್ಟದ ಮೇಲಿನ ನಾವು ಕೆರೆ, ಹೊಳೆಯಲ್ಲಿ ಈಜು ಕಲಿತವರು. ಕಡಲಿನ ಲೆಕ್ಕ ಬೇರೆ. ದಂಡೆಯಲ್ಲಿ ನಿಂತು ಐದು ನಿಮಿಷ ಅಲೆಗಳನ್ನು ನೋಡಿ. ಎರಡೂ ಕಡೆ ಅಲೆ ಒಡೆದು ನೊರೆ ಬರುತ್ತಿರುತ್ತೆ, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿರುತ್ತೆ. ಹೊಸಬರು ಅದೇ ಒಳ್ಳೆ ಜಾಗ ಅಂತ ಅಲ್ಲೇ ಇಳಿಯುತ್ತಾರೆ. ದಂಡೆಗೆ ಬಂದ ನೀರು ವಾಪಸ್ ಹೋಗುವ ದಾರಿ ಅದು. ಅಲ್ಲಿ ಸಿಕ್ಕಿಕೊಂಡರೆ ದಂಡೆಯ ಕಡೆಗೆ ನೇರ ಈಜಿದರೆ ಎಂಥ ಈಜುಗಾರನೂ ಸೋಲುತ್ತಾನೆ. ಗಾಬರಿಯಾಗದೆ ತೇಲುತ್ತಾ, ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಒಳಗೆ ಬರಬೇಕು. ಇದನ್ನು ಲೈಫ್‌ಗಾರ್ಡ್ ಒಬ್ಬರು ಮರಳಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಆಮೇಲೆ ಪೀಪಿ ಊದಿ ಬ್ಯಾಂಕಿನವನನ್ನೇ ಮೊದಲು ಹಿಂದಕ್ಕೆ ಕರೆದರು.

ರೂಮಿನ ವಿಷಯ. ಶನಿವಾರ ಸಂಜೆ ಐದಕ್ಕೆ ಹುಡುಕೋಕೆ ಶುರು ಮಾಡಬೇಕು, ಎಂಟಕ್ಕಲ್ಲ. ದಂಡೆಯ ಪಕ್ಕದ ಒಂದು ಹೋಮ್‌ಸ್ಟೇಗೆ ಫೋನ್ ಮಾಡಿದ್ದೆವು. ಫೋನಿನಲ್ಲಿ ಒಂದು ರೇಟು. ಬಾಗಿಲಿಗೆ ಹೋದಾಗ ಅದರ ಎರಡರಷ್ಟು. ವಾದ ಮಾಡದೆ ಕಾರು ತಿರುಗಿಸಿದೆವು. ಇಂಥ ಹೊತ್ತಿಗೆ ನಮ್ಮ ಉಪಾಯ ಒಂದೇ: ದಂಡೆ ಬಿಟ್ಟು ತಾಲೂಕು ಕೇಂದ್ರಕ್ಕೆ ಹೋಗೋದು. ಬಸ್‌ಸ್ಟ್ಯಾಂಡ್ ಆಸುಪಾಸಿನ ಲಾಡ್ಜುಗಳು ಪ್ರವಾಸಿಗಳನ್ನು ನಂಬಿಕೊಂಡಿರೋದಿಲ್ಲ. ಸಂತೆಗೆ, ಕೋರ್ಟಿಗೆ, ಮದುವೆಗೆ ಬಂದವರ ಮೇಲೆ ನಡೆಯುತ್ತವೆ, ವಾರಾಂತ್ಯಕ್ಕೆ ರೇಟು ಏರಿಸೋದಿಲ್ಲ. ಹೊನ್ನಾವರದಿಂದ ಕುಮಟಾಕ್ಕೆ 20 ಕಿ.ಮೀ. ಅಲ್ಲಿ ಎರಡು ರೂಮು ಸಿಕ್ಕವು. ಫ್ಯಾನು, ಬಕೆಟ್ಟು, ಬಿಸಿನೀರು. ಇನ್ನೇನು ಬೇಕು? ಗೋಕರ್ಣ ಇನ್ನು ಅರ್ಧ ಮುಕ್ಕಾಲು ಗಂಟೆ ದಾರಿ. ಆದರೆ ಶನಿವಾರ ರಾತ್ರಿ ಅಲ್ಲಿ ಕಾಲಿಡೋಕೂ ಜಾಗ ಇರೋದಿಲ್ಲ. ಓಂ ಬೀಚು, ಕುಡ್ಲೆ ನೋಡಬೇಕೆಂದರೆ ವಾರದ ನಡುವೆ ಹೋಗಿ.

ಶರಾವತಿ ಸೇತುವೆ ದಾಟುವಾಗ ಕತ್ತಲಾಗುತ್ತಿತ್ತು. ಆ ಕಡೆ ರೈಲು ಸೇತುವೆಯ ಮೇಲೆ ಗೂಡ್ಸ್ ಗಾಡಿಯೊಂದು ಹೋಗುತ್ತಿತ್ತು. ಎರಡು ಕಿಲೋಮೀಟರಿಗಿಂತ ಉದ್ದ, ಕೊಂಕಣ ರೈಲ್ವೆಯಲ್ಲೇ ಉದ್ದದ ಸೇತುವೆ ಅದು. ಗಾಡಿ ಮುಗಿಯೋದೇ ಇಲ್ಲವೇನೋ ಅನ್ನಿಸಿತು.

ಭಾನುವಾರ ಬೆಳಗ್ಗೆ ಏನು ಮಾಡೋದು ಅಂತ ಗೊತ್ತಿರಲಿಲ್ಲ. ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಬನ್ಸ್ ತಿನ್ನುವಾಗ ಪಕ್ಕದ ಟೇಬಲಿನವರು ಕೇಳಿದರು, ಎಲ್ಲಿಗೆ ಹೊರಟಿರಿ ಅಂತ. ಗೊತ್ತಿಲ್ಲ ಅಂದೆವು. "ಹಂಗಾದ್ರೆ ಅಘನಾಶಿನಿಗೆ ಹೋಗಿ. ಹತ್ತು ಗಂಟೆ ಹೊತ್ತಿಗೆ ಇಳಿತ ಇದೆ, ಬಳಚು ತೆಗೆಯೋದು ನೋಡಬಹುದು" ಅಂದರು. ಬಳಚು ಅಂದರೆ ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪುಮೀನು. ಇಡೀ ಟ್ರಿಪ್ಪಿನಲ್ಲಿ ಸಿಕ್ಕ ಒಳ್ಳೆಯ ಸಲಹೆ ಅದು. ಯಾವ ಮ್ಯಾಪೂ ಇದನ್ನು ಹೇಳೋದಿಲ್ಲ. ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ, ದಿನದಿಂದ ದಿನಕ್ಕೆ ಹೆಚ್ಚುಕಮ್ಮಿ ಐವತ್ತು ನಿಮಿಷ ಮುಂದಕ್ಕೆ ಹೋಗುತ್ತೆ. ಅಲ್ಲಿನವರಿಗೆ ಅದು ಬಾಯಿಪಾಠ.

ಕುಮಟಾದಿಂದ ಬಾಡ, ಕಾಗಾಲ ಮೇಲೆ ಅಘನಾಶಿನಿ ಊರಿಗೆ ಹೋದರೆ ಹೊಳೆಯ ಆಚೆ ದಡದಲ್ಲಿ ತದಡಿ ಕಾಣುತ್ತೆ. ಸಿರ್ಸಿಯ ಕಡೆ ಹುಟ್ಟಿ ಬರುವ ಈ ಹೊಳೆಗೆ ಎಲ್ಲೂ ಅಣೆಕಟ್ಟಿಲ್ಲ. 2024ರಲ್ಲಿ ಅಳಿವೆಗೆ ರಾಮ್ಸಾರ್ ಮನ್ನಣೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಗುರುತು, ಬಂತು. ನಾವು ಹೋದಾಗ ನೀರು ಇಳಿದು ಹೊಳೆಯ ನಡುವೆ ಕೆಸರಿನ ದಿಬ್ಬ ಎದ್ದಿತ್ತು. ಹೆಂಗಸರು ಗಂಡಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದರು. ಮೊದಲು ನಿಂತಲ್ಲೇ ಕಾಲಿನಿಂದ ಕೆಸರು ತಡಕುತ್ತಾರೆ. ಚಿಪ್ಪು ತಾಗಿತು ಅಂದರೆ ಮುಳುಗಿ ಎರಡೂ ಕೈಯಲ್ಲಿ ಬಾಚುತ್ತಾರೆ. ಬುಟ್ಟಿಗೆ ಹಾಕಿ, ನೀರಿನಲ್ಲೇ ಜಾಲಿಸಿ ಕೆಸರು ಬಿಡಿಸಿ, ಪಕ್ಕದ ದೋಣಿಗೆ ಸುರಿಯುತ್ತಾರೆ. ಬಳಚು ಬಿದ್ದಾಗ ದೋಣಿಯಲ್ಲಿ ಕಲ್ಲು ಸುರಿದ ಸದ್ದು. ಉಬ್ಬರ ಶುರುವಾಗುವವರೆಗೆ ಮಾತ್ರ ಈ ಕೆಲಸ. ಹಾಗಾಗಿ ಯಾರೂ ತಲೆ ಎತ್ತಿ ನಮ್ಮನ್ನು ನೋಡಲಿಲ್ಲ. ಸುತ್ತ ಗಜನಿ ಗದ್ದೆಗಳು. ಉಪ್ಪುನೀರು ನುಗ್ಗಿದರೂ ತಡೆಯುವ ಕಗ್ಗ ಅನ್ನುವ ಭತ್ತ ಬೆಳೆಯೋದು ಇಲ್ಲೇ. ಮಳೆಗಾಲದ ಬೆಳೆ ಅದು, ನಮಗೆ ಕಂಡಿದ್ದು ಬರೀ ಬಯಲು.

ಅಲ್ಲಿಂದ ವಾಪಸ್ ಕುಮಟಾ, ಮುಂದೆ ಮಿರ್ಜಾನ್. ಹೆದ್ದಾರಿಯಿಂದ ಸ್ವಲ್ಪ ಒಳಗೆ ಕೆಂಪು ಜಂಬಿಟ್ಟಿಗೆಯ ಕೋಟೆ. ಫೋಟೋಗಳಲ್ಲಿ ಕಾಣುವ ಹಸಿರು ಪಾಚಿ ಮಳೆಗಾಲದ್ದು. ಏಪ್ರಿಲ್‌ನಲ್ಲಿ ಕೋಟೆ ಒಣಗಿ ಕಂದಾಗಿತ್ತು, ಕಲ್ಲು ಕಾದು ಕಾಲಿಡೋಕೆ ಆಗುತ್ತಿರಲಿಲ್ಲ. ಆದರೂ ಹೋಗಿದ್ದು ಒಳ್ಳೆಯದೇ ಆಯಿತು. ಗೇರುಸೊಪ್ಪದ ರಾಣಿ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಆಳಿದ ಸೀಮೆ ಇದು. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಮೆಣಸು ಬೆಳೆಯೋದು ಘಟ್ಟದ ಮೇಲೆ, ಹಡಗು ನಿಲ್ಲೋದು ಕೆಳಗೆ. ಘಾಟಿ ಯಾರ ಕೈಯಲ್ಲಿದೆಯೋ ವ್ಯಾಪಾರವೂ ಅವರ ಕೈಯಲ್ಲಿ. ಯಾವ ಘಾಟಿ ಅನ್ನೋ ನಮ್ಮ ಶಿವಮೊಗ್ಗದ ಪ್ರಶ್ನೆ ಆ ಕಾಲದ್ದೇ ಅಂತಾಯಿತು. ಆಗಲೇ ಮೇಷ್ಟ್ರು ತೀರ್ಮಾನ ಕೊಟ್ಟರು: ವಾಪಸ್ ಹೋಗುವಾಗ ಗೇರುಸೊಪ್ಪದಲ್ಲಿ ಬಸದಿ ನೋಡಿಯೇ ಹೋಗಬೇಕು.

ಹೊರಡುವ ಮುಂಚೆ ಈರುಳ್ಳಿ. ಬೇಸಿಗೆಯಲ್ಲಿ ಕುಮಟಾ ಆಸುಪಾಸು, ಅಳ್ವೆಕೋಡಿ, ಹಂದಿಗೋಣ ಕಡೆ, ಹೆದ್ದಾರಿ ಪಕ್ಕ ಸಣ್ಣ ಚಪ್ಪರಗಳಲ್ಲಿ ಈರುಳ್ಳಿ ಗೊಂಚಲು ನೇತಾಡುತ್ತಿರುತ್ತೆ. ಒಣಗಿದ ಎಲೆಗಳನ್ನೇ ಜಡೆ ಹೆಣೆದು ಕಟ್ಟಿರುತ್ತಾರೆ. ಖಾರ ಕಮ್ಮಿ, ಸಿಹಿ ಜಾಸ್ತಿ, ಹಸಿಯಾಗೇ ತಿನ್ನಬಹುದು. ಮನೆಗೆ ತಂದು ಗಾಳಿ ಆಡುವ ಕಡೆ ತೂಗುಹಾಕಿದರೆ ಮಳೆಗಾಲಕ್ಕೂ ಬರುತ್ತೆ, ಮೂಟೆ ಕಟ್ಟಿಟ್ಟರೆ ಕೊಳೆಯುತ್ತೆ. ಗೊಂಚಲಿನ ತೂಕ ನೋಡದೆ ಬೆಲೆ ಒಪ್ಪಬೇಡಿ, ಎರಡು ಚಪ್ಪರ ದಾಟಿ ಮೂರನೆಯದರಲ್ಲಿ ಕೇಳಿ. ನಾವು ನಾಲ್ಕು ಗೊಂಚಲು ತೆಗೆದುಕೊಂಡೆವು. ಡಿಕ್ಕಿ ಇರಲಿ, ಇಡೀ ಕಾರು ಘಮ ಅಂದಿತು.

ಹೊನ್ನಾವರದಲ್ಲಿ ಬೇಗ ಊಟ ಮುಗಿಸಿ, ಮುರುಗಲು ಹಣ್ಣಿನ ಪಾನಕ ಕುಡಿದು, ಒಂದೂವರೆಗೆ ಕಡಲಿಗೆ ಬೆನ್ನು ಹಾಕಿದೆವು. ಇದು ಕಟ್ಟುನಿಟ್ಟು. ಇನ್ನೊಂದು ಸಲ ನೀರಿಗೆ ಇಳಿಯೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬಾರದು. ರಾತ್ರಿ ಘಾಟಿ ಇಳಿಯೋದು ಒಂದು ಥರ, ಎರಡು ದಿನ ಬಿಸಿಲಿನಲ್ಲಿ ಬೆಂದು ಸುಸ್ತಾದವರು ರಾತ್ರಿ ಹತ್ತೋದು ಇನ್ನೊಂದು ಥರ.

ಹೊನ್ನಾವರದಿಂದ ಗೇರುಸೊಪ್ಪದವರೆಗೆ ಶರಾವತಿ ಜೊತೆಗಿರುತ್ತೆ. ಗೇರುಸೊಪ್ಪದಲ್ಲಿ ಹೊಳೆ ದಾಟಿ ಕಾಡಿನ ರಸ್ತೆ ಹಿಡಿದರೆ ನಗರಬಸ್ತಿಕೇರಿ. ಅಲ್ಲಿ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಿನಿಂದ ಒಳಗೆ ಹೋದರೂ ಎದುರಿಗೆ ಒಬ್ಬ ತೀರ್ಥಂಕರ ಕೂತಿದ್ದಾನೆ. ಒಂದು ಕಾಲದ ರಾಜಧಾನಿ ಅಂತ ನಂಬೋಕೆ ಕಷ್ಟ, ಸುತ್ತ ಅಷ್ಟು ಕಾಡು. ನಾವಿದ್ದ ಅರ್ಧ ಗಂಟೆಯಲ್ಲಿ ಬೇರೆ ಯಾರೂ ಬರಲಿಲ್ಲ. ಮೇಷ್ಟ್ರು ನಾಲ್ಕೂ ಬಾಗಿಲಿನಿಂದ ಒಳಗೆ ಹೋಗಿ ಬಂದರು. ಹತ್ತಿರದ ಮುರುಡೇಶ್ವರಕ್ಕೆ ಹೋಗುವವರಲ್ಲಿ ನೂರಕ್ಕೆ ಒಬ್ಬರು ಇಲ್ಲಿಗೆ ಬಂದರೂ ಸಾಕಿತ್ತು.

ಮೇಲೆ ಮಾಲೆಮನೆ ಘಾಟಿ, ಗೇರುಸೊಪ್ಪದ ಘಾಟಿ ಅಂದರೆ ಇದೇ. ತಿರುವಿನಲ್ಲಿ ಸಿಂಗಳೀಕಗಳು ರಸ್ತೆಗೇ ಬಂದು ಕೂರುತ್ತವೆ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ, ಇಲ್ಲಿ ಕುರ್ಕುರೆ ಪ್ಯಾಕೆಟ್ಟಿಗೆ ಕಾಯುತ್ತೆ. ನಮ್ಮ ಮುಂದಿನ ಕಾರಿನವರು ಬಾಳೆಹಣ್ಣು ಎಸೆದರು. ಅದನ್ನು ಎತ್ತಿಕೊಳ್ಳೋಕೆ ಮರಿ ಹೊತ್ತ ತಾಯಿ ಲಾರಿಯ ಎದುರಿಗೇ ಓಡಿತು. ಲಾರಿಯವನು ಬ್ರೇಕು ಹಾಕಿದ್ದರಿಂದ ಉಳಿಯಿತು. ಏನೂ ಹಾಕಬೇಡಿ, ನಿಲ್ಲಿಸಲೂ ಬೇಡಿ. ಜೋಗದಲ್ಲಿ ನೀರು ಹೆಸರಿಗೆ ಮಾತ್ರ ಇತ್ತು, ಏಪ್ರಿಲ್ ಅಲ್ವಾ. ತಾಳಗುಪ್ಪ ದಾಟಿ ಸಾಗರದಲ್ಲಿ ಕಾಫಿ ಕುಡಿದು ಎಂಟು ಗಂಟೆ ಒಳಗೆ ಶಿವಮೊಗ್ಗ.

ಇದೇ ದಾರಿಯನ್ನು ಮಳೆಗಾಲದಲ್ಲಿ ಹಿಡಿಯೋದಾದರೆ ಲೆಕ್ಕವೇ ಬೇರೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಜಾರಿತು. ಟೋಲು ಇರುವ ಶಿರೂರು ಬೇರೆ, ಇದು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೆಡ್ ಅಲರ್ಟ್ ಇದ್ದ ದಿನ ನಾವು ಘಾಟಿ ಇಳಿಯುವ ಮಾತೇ ಆಡೋದಿಲ್ಲ. ಆಟವೂ ಇರೋದಿಲ್ಲ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟೂ ಇರೋದಿಲ್ಲ, ಹೋಗಿ ಮಾಡೋದೇನು?

ಐನೂರು ಕಿಲೋಮೀಟರ್ ಆಸುಪಾಸು ಓಡಿತು. ಕಾರನ್ನು ಸೋಮವಾರವೇ ಅಡಿಯಿಂದ ನೀರು ಹೊಡೆಸಿ ತೊಳೆಸಬೇಕು. ಕಡಲ ಬದಿಯ ಉಪ್ಪಿನ ಗಾಳಿ, ಮರಳು ಕೂತರೆ ತುಕ್ಕಿಗೆ ಹೆಚ್ಚು ದಿನ ಬೇಡ. ಖರ್ಚೆಲ್ಲ ಒಬ್ಬನ ಫೋನಿನಿಂದಲೇ ಕೊಟ್ಟು ಕೊನೆಗೆ ಭಾಗ ಮಾಡೋದು ನಮ್ಮ ಪದ್ಧತಿ. ಪೆಟ್ರೋಲು, ರೂಮು, ಊಟ, ಟೋಲು ಎಲ್ಲ ಸೇರಿ ತಲೆಗೆ ಎರಡೂವರೆ ಸಾವಿರದ ಒಳಗೆ ಮುಗಿಯಿತು. ಲೆಕ್ಕ ಬರೆದವರು ಮೇಷ್ಟ್ರು. ಬಂಗುಡೆಯಲ್ಲಿ, ಬಿರಿಯಾನಿಯಲ್ಲಿ ತಮ್ಮ ಪಾಲು ಕಳೆದು ಕಳಿಸಿದ್ದಾರೆ. ಈರುಳ್ಳಿಯನ್ನು ಮಾತ್ರ ನಾಲ್ಕು ಸಮಭಾಗ ಮಾಡಿದ್ದಾರೆ, ದೊಡ್ಡ ಗೊಂಚಲು ಅವರ ಮನೆಯಲ್ಲೇ ಇದ್ದರೂ.